ವಿಂಟೇಜ್ ಬ್ಲಾಂ ದ ಬ್ಲಾಂ ಶಾಂಪೇನ್: ಒಂದೇ ಬಿಳಿ ದ್ರಾಕ್ಷಿ, ಒಂದೇ ವರ್ಷ. ಯಾವುದು ತರಿಸಲಿ, ಯಾವಾಗ ತೆಗೆಯಲಿ?

ಜಯನಗರದವಳು:

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಪ್ಯಾರಿಸ್ಸಿನಲ್ಲಿದ್ದಾನೆ, ಡಿಸೆಂಬರಿನಲ್ಲಿ ಬೆಂಗಳೂರಿಗೆ ಬರುತ್ತಿದ್ದಾನೆ. ಅಪ್ಪ-ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬುತ್ತದೆ. ಆ ದಿನಕ್ಕೆ ಒಳ್ಳೆ ಶಾಂಪೇನ್ ತರುತ್ತೇನೆ ಎಂದಿದ್ದಾನೆ. ಏರ್‌ಪೋರ್ಟಿನಲ್ಲಿ ಕಣ್ಣಿಗೆ ಬಿದ್ದಿದ್ದನ್ನು ಸುಮ್ನೆ ಎತ್ತಿಕೊಂಡು ಬರುವುದು ಬೇಡ, ವರ್ಷ ನಮೂದಿಸಿದ ಬ್ಲಾಂ ದ ಬ್ಲಾಂ, ಅಂದರೆ ಬರೀ ಬಿಳಿ ದ್ರಾಕ್ಷಿಯಲ್ಲಿ ಮಾಡಿದ ಶಾಂಪೇನ್ ಹುಡುಕಿ ತರೋಣ ಎನ್ನುವುದು ಅವನ ಆಸೆ.

ನಂದಿ ಬೆಟ್ಟದ ಕಡೆಯ ವೈನರಿಗಳಿಗೆ ಹೋಗಿ ಬಂದಿದ್ದೇನೆ, ವೈನ್ ಹೊಸದಲ್ಲ. ಆದರೆ ಇದು ಗೊತ್ತಿಲ್ಲ. ಶಾಂಪೇನ್ ಎಂದರೆ ಮೂರು ದ್ರಾಕ್ಷಿ, ಹಲವು ವರ್ಷಗಳ ವೈನ್ ಬೆರೆಸಿ ಮಾಡುವುದು ಅಲ್ವಾ? ಹಾಗಿದ್ದ ಮೇಲೆ ಒಂದೇ ದ್ರಾಕ್ಷಿ, ಒಂದೇ ವರ್ಷದ್ದಕ್ಕೆ ಯಾಕೆ ಅಷ್ಟು ಬೆಲೆ? ಯಾವ ವರ್ಷ ಕೇಳಲಿ? ನಮ್ಮ ಮನೆಯಲ್ಲಿ ಹೇಗೆ ಇಡಲಿ? ಅಮ್ಮ ಸಸ್ಯಾಹಾರಿ, ಜೊತೆಗೆ ತಿನ್ನಲು ಏನು ಮಾಡಲಿ? ತಿಳಿದವರು ಬಿಡಿಸಿ ಹೇಳಿ.

ಮಾರ್ನ್ ದಡ:

ಮೊದಲು ಅಪ್ಪ-ಅಮ್ಮನಿಗೆ ನಮಸ್ಕಾರ ತಿಳಿಸಿ. ನಾನಿರುವುದು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ, ಎಪರ್ನೆ ಊರಿನ ಹತ್ತಿರ. ಕೊಯ್ಲಿನ ಕಾಲದಲ್ಲಿ ತೋಟಗಳಲ್ಲಿ ಗೊಂಚಲು ಕೊಯ್ದಿದ್ದೇನೆ. ಇಲ್ಲಿ ಯಂತ್ರದ ಕೊಯ್ಲಿಗೆ ಅವಕಾಶವೇ ಇಲ್ಲ, ಎಲ್ಲಾ ಕೈಯಲ್ಲೇ ಆಗಬೇಕು.

ಎಪರ್ನೆಯಿಂದ ದಕ್ಷಿಣಕ್ಕೆ ಒಂದು ಇಳಿಜಾರು ಸಾಲಿದೆ, ಹೆಸರು ಕೋತ್ ದೆ ಬ್ಲಾಂ. ಶೂಯಿ, ಕ್ರಾಮಾಂ, ಅವೀಜ್, ಓಜೆ, ಲ ಮೆನಿಲ್ ಊರುಗಳೆಲ್ಲ ಆ ಸಾಲಿನಲ್ಲೇ ಒಂದರ ಹಿಂದೆ ಒಂದು ಬರುತ್ತವೆ. ಇಡೀ ಶಾಂಪೇನ್ ಪ್ರಾಂತ್ಯದಲ್ಲಿ ಗ್ರಾಂ ಕ್ರು ಎಂಬ ಮೇಲಿನ ದರ್ಜೆ ಸಿಕ್ಕಿರುವುದು 17 ಊರುಗಳಿಗೆ. ಅದರಲ್ಲಿ 6 ಈ ಕಡೆಯವು. ಇಲ್ಲಿ ಬೆಳೆಯುವುದು ಹೆಚ್ಚುಕಡಿಮೆ ಶಾರ್ಡೊನೆ ಎಂಬ ಬಿಳಿ ದ್ರಾಕ್ಷಿ ಒಂದೇ. ಕಾರಣ ನೆಲ. ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಬಿಳಿ ಚಾಕ್ ಕಲ್ಲು. ಒಂದು ಘನ ಮೀಟರ್ ಚಾಕ್ 300ರಿಂದ 400 ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಜಾಸ್ತಿಯಾದರೆ ನೀರು ಕೆಳಗೆ ಇಳಿಯುತ್ತದೆ, ಬೇಸಿಗೆ ಒಣಗಿದರೆ ಬೇರಿಗೆ ಅಷ್ಟಷ್ಟೇ ಸಿಗುತ್ತದೆ. ಬಳ್ಳಿ ಒಣಗುವುದಿಲ್ಲ, ನೀರು ಕುಡಿದು ಉಬ್ಬುವುದೂ ಇಲ್ಲ.

ಒಂದೇ ವರ್ಷದ್ದು ಯಾಕೆ ದುಬಾರಿ ಎಂದು ಕೇಳಿದಿರಿ. ವರ್ಷ ಬರೆಯದ ಶಾಂಪೇನನ್ನು ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇಡಬೇಕು. ವಿಂಟೇಜ್, ಅಂದರೆ ಒಂದೇ ವರ್ಷದ್ದು ಆದರೆ ಕನಿಷ್ಠ 3 ವರ್ಷ. ಇದು ಕಾನೂನು. ಆದರೆ ಹೆಸರು ಮಾಡಿದ ಬ್ಲಾಂ ದ ಬ್ಲಾಂಗಳು ಎಂಟು-ಹತ್ತು ವರ್ಷ ಒಳಗೇ ಮಲಗಿರುತ್ತವೆ. ಅಷ್ಟು ವರ್ಷ ದುಡ್ಡು ನೆಲದಡಿ ಕೂತಿರುತ್ತದೆ. ಮೇಲಾಗಿ ಒಳ್ಳೆಯ ವರ್ಷ ಬಂದರೆ ಮಾತ್ರ ಮಾಡುತ್ತಾರೆ. ಆ ವರ್ಷದ ಹವಾಮಾನ ಕೆಟ್ಟರೆ ಹಳೆಯ ವರ್ಷದ ವೈನ್ ಬೆರೆಸಿ ಸರಿಮಾಡುವ ದಾರಿ ಇದರಲ್ಲಿ ಇಲ್ಲ.

ಈ ಹಾದಿಯನ್ನು ದೊಡ್ಡದಾಗಿ ತೆರೆದವರು ಎಝೆನ್ ಎಮೆ ಸಲೋಂ. ಶಾಂಪೇನ್ ಪ್ರಾಂತ್ಯದಲ್ಲೇ ಬೆಳೆದವರು, ಪ್ಯಾರಿಸ್ಸಿನಲ್ಲಿ ತುಪ್ಪಳದ ವ್ಯಾಪಾರದಲ್ಲಿ ಹಣ ಮಾಡಿದರು. ಲ ಮೆನಿಲ್ ಎಂಬ ಒಂದೇ ಊರು, ಶಾರ್ಡೊನೆ ಎಂಬ ಒಂದೇ ದ್ರಾಕ್ಷಿ, ಒಂದೇ ವರ್ಷ ಎಂದು ನಿಶ್ಚಯಿಸಿ 1905ರಲ್ಲಿ ತಮಗೂ ಗೆಳೆಯರಿಗೂ ಎಂದು ಮಾಡಿಸಿದರು. ಮಾರಾಟಕ್ಕೆ ಬಂದಿದ್ದು 1921ರ ಕೊಯ್ಲಿನಿಂದ. ಆಮೇಲೆ ಪ್ಯಾರಿಸ್ಸಿನ ಮ್ಯಾಕ್ಸಿಮ್ಸ್ ರೆಸ್ಟೋರೆಂಟಿನಲ್ಲಿ ಅದೇ ಮನೆಮಾತಾಯಿತು. 20ನೇ ಶತಮಾನವಿಡೀ ಸಲೋಂ ಹೆಸರಿನ ಆ ಶಾಂಪೇನ್ ಹೊರಬಂದಿದ್ದು 37 ವರ್ಷಗಳಲ್ಲಿ ಮಾತ್ರ. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ: ಲ ಮೆನಿಲ್‌ಗೆ ಗ್ರಾಂ ಕ್ರು ದರ್ಜೆ ಸಿಕ್ಕಿದ್ದು 1985ರಲ್ಲಿ. ಸಲೋಂ ಅವರು 80 ವರ್ಷ ಮೊದಲೇ ಆ ಊರನ್ನು ಆರಿಸಿಕೊಂಡಿದ್ದರು.

ಮೂರು ದ್ರಾಕ್ಷಿ ಪಕ್ಷ:

ಮಾರ್ನ್ ದಡ ಅವರೇ, ನೀವು ಹೇಳಿದ್ದೆಲ್ಲ ಸರಿ. ಆದರೂ ನನ್ನ ಮಾತು ಬೇರೆ. ಶಾಂಪೇನಿನ ದೊಡ್ಡ ವಿದ್ಯೆ ಇರುವುದು ಬೆರೆಸುವುದರಲ್ಲಿ. ಪಿನೋ ನ್ವಾರ್ ಮೈಕಟ್ಟು ಕೊಡುತ್ತದೆ, ಮ್ಯೂನಿಯೆ ಹಣ್ಣಿನ ರುಚಿ ಕೊಡುತ್ತದೆ, ಶಾರ್ಡೊನೆ ಹುಳಿ ಮತ್ತು ಚುರುಕು ಕೊಡುತ್ತದೆ. ಮೂವರಲ್ಲಿ ಇಬ್ಬರನ್ನು ಮನೆಗೆ ಕಳಿಸಿ ಒಬ್ಬನ ಕೈಲೇ ಎಲ್ಲ ಮಾಡಿಸುವುದು ಯಾಕೆ? ಎಳೆಯ ಬ್ಲಾಂ ದ ಬ್ಲಾಂ ಕುಡಿದವರಿಗೆ ಗೊತ್ತು, ಬರೀ ನಿಂಬೆ ಸಿಪ್ಪೆ, ಬರೀ ಹುಳಿ. ಹಿರಿಯರ ಹಬ್ಬಕ್ಕೆ ತುಂಬಿದ ರುಚಿಯ ಬಾಟಲಿ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅದೇ ದುಡ್ಡಿಗೆ ಮಿಶ್ರಣದ ವಿಂಟೇಜ್ ಇನ್ನೂ ಮೇಲಿನದ್ದು ಸಿಗುತ್ತದೆ.

ಮಾರ್ನ್ ದಡ:

ನಿಮ್ಮ ಮಾತು ಎಳೆಯ ಬಾಟಲಿಗೆ ಪೂರ್ತಿ ಸರಿ ಸರ್. ಅದಕ್ಕೇ ವಯಸ್ಸಾದದ್ದು ಕೇಳಿ ಎನ್ನುವುದು.

ಬ್ಲಾಂ ದ ಬ್ಲಾಂ ಎಂದ ಮಾತ್ರಕ್ಕೆ ಬೆರೆಸುವುದೇ ಇಲ್ಲ ಎಂದಲ್ಲ. ತೆತ್ತಾಂಜೆ ಎಂಬ ಶಾಂಪೇನ್ ತಯಾರಿಸುವ ಮನೆಯವರ ಕೋಂತ್ ದ ಶಾಂಪಾನ್ 1952ರಿಂದ ಬರುತ್ತಿದೆ. ಅದು ಕೋತ್ ದೆ ಬ್ಲಾಂನ ಹಲವು ಗ್ರಾಂ ಕ್ರು ಊರುಗಳ ಶಾರ್ಡೊನೆ ಸೇರಿಸಿ ಮಾಡುವುದು. ಒಂದು ಊರಿನದು ನಯ, ಇನ್ನೊಂದರದು ಗಟ್ಟಿ. ರುಯಿನಾರ್ ಅವರ ದೋಂ ರುಯಿನಾರ್ 1959ರಿಂದ ಇದೆ. ಅವರು ಉತ್ತರದ ಮೋಂತಾಞ್ ದ ರೀಮ್ಸ್ ಬೆಟ್ಟದ ಶಾರ್ಡೊನೆಯನ್ನೂ ಸೇರಿಸುತ್ತಾ ಬಂದಿದ್ದಾರೆ. ಹಾಗಾಗಿ ಅದರಲ್ಲಿ ನೀವು ಕೇಳುವ ಮೈಕಟ್ಟು ಸ್ವಲ್ಪ ಜಾಸ್ತಿ. ಇನ್ನೊಂದು ತುದಿಯಲ್ಲಿ ಕ್ರುಗ್ ಅವರ ಕ್ಲೋ ದ್ಯು ಮೆನಿಲ್. ಅದು ಊರ ನಡುವೆ ಗೋಡೆ ಕಟ್ಟಿದ ಒಂದೇ ತೋಟ, 1.84 ಹೆಕ್ಟೇರ್. ಗೋಡೆ 1698ರದು. ಕ್ರುಗ್ ಮನೆತನ ಅದನ್ನು ಕೊಂಡಿದ್ದು 1971ರಲ್ಲಿ, ಅದರ ಮೊದಲ ವಿಂಟೇಜ್ 1979. ಬೆರೆಸುವುದರಲ್ಲೇ ಹೆಸರು ಮಾಡಿದ ಮನೆ, ಆ ತೋಟದ ವೈನ್ ರುಚಿ ನೋಡಿ ಇದನ್ನು ಯಾವುದಕ್ಕೂ ಬೆರೆಸಬಾರದು ಎಂದುಕೊಂಡಿತು!

ಈಗ ವಯಸ್ಸಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಡೀ ವಿಷಯದ ತಿರುಳು ಇಲ್ಲೇ ಇದೆ.

4,000 ಕೆಜಿ ದ್ರಾಕ್ಷಿಯನ್ನು ಗೊಂಚಲು ಸಮೇತ ಹಿಂಡುತ್ತಾರೆ. ಮೊದಲ 2,050 ಲೀಟರ್ ರಸ ಅತ್ಯುತ್ತಮ, ಆಮೇಲಿನ 500 ಲೀಟರ್ ಎರಡನೇ ದರ್ಜೆ. ಒಳ್ಳೆಯ ವಿಂಟೇಜಿಗೆ ಮೊದಲನೆಯದನ್ನೇ ಬಳಸುತ್ತಾರೆ. ಅದು ಹುದುಗಿ ವೈನ್ ಆದ ಮೇಲೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಒಂದಿಷ್ಟು ಯೀಸ್ಟ್ ಹಾಕಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಬಾಟಲಿಯೊಳಗೇ ಮತ್ತೊಮ್ಮೆ ಹುದುಗುತ್ತದೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಅನಿಲ ಹೊರಗೆ ಹೋಗಲು ದಾರಿಯಿಲ್ಲ, 6 ಬಾರ್ ಒತ್ತಡದಲ್ಲಿ ವೈನಿನೊಳಗೇ ಕರಗುತ್ತದೆ. ಗುಳ್ಳೆ ಹುಟ್ಟುವುದು ಹೀಗೆ. ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸತ್ತು ತಳದಲ್ಲಿ ಗಸಿಯಾಗಿ ಕೂರುತ್ತದೆ. ಆ ಗಸಿಯೇ ವರ್ಷಗಟ್ಟಲೆ ನಿಧಾನವಾಗಿ ಒಡೆಯುತ್ತಾ ವೈನಿಗೆ ರುಚಿ ಬಿಟ್ಟುಕೊಡುತ್ತದೆ, ನೊರೆಯನ್ನು ನಯ ಮಾಡುತ್ತದೆ, ಹಳಸದಂತೆ ಕಾಯುತ್ತದೆ. ನಿಂಬೆ, ಹಸಿರು ಸೇಬಿನ ವಾಸನೆ ಇದ್ದ ವೈನಿಗೆ ಬೆಳಿಗ್ಗೆ ಅಯ್ಯಂಗಾರ್ ಬೇಕರಿ ಮುಂದೆ ಹಾದುಹೋದಾಗ ಬರುವಂಥ ಘಮ ಬರುತ್ತದೆ. ಆಮೇಲೆ ಹುರಿದ ಬೀಜ, ಜೇನು. ಈ ದಾರಿ ಪೂರ್ತಿ ನಡೆಯುವಷ್ಟು ಹುಳಿ ಶಾರ್ಡೊನೆಯಲ್ಲಿದೆ. ಎಳೆಯದರಲ್ಲಿ ನಿಮಗೆ ಹಿಡಿಸದ ಆ ಹುಳಿಯೇ ಹದಿನೈದು ವರ್ಷದ ಬಾಟಲಿಯನ್ನು ಎತ್ತಿ ಹಿಡಿಯುವುದು.

ಗಸಿ ತೆಗೆಯುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಬಾಟಲಿಯನ್ನು ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಲೆಕೆಳಗೆ ಮಾಡುತ್ತಾ ಬರುತ್ತಾರೆ, ಗಸಿ ಕತ್ತಿಗೆ ಇಳಿಯುತ್ತದೆ. ಈಗ ಹೆಚ್ಚಿನ ಕಡೆ ಇದಕ್ಕೆ ಯಂತ್ರ ಬಂದಿದೆ. ಆಮೇಲೆ ಕತ್ತನ್ನು ಮೈನಸ್ 25 ಡಿಗ್ರಿ ಆಸುಪಾಸಿನ ದ್ರಾವಣದಲ್ಲಿ ಅದ್ದುತ್ತಾರೆ. ಗಸಿ ಐಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಕಿತ್ತ ತಕ್ಷಣ ಆ ಬಿರಡೆಯಷ್ಟು ಐಸ್ ಠಪ್ ಎಂದು ಹಾರಿಹೋಗುತ್ತದೆ, ಹಿಂದೆಯೇ ಒಂದು ತುತ್ತು ನೊರೆ. ಕಮ್ಮಿಯಾದಷ್ಟು ವೈನ್, ಬೇಕಾದರೆ ಚೂರು ಸಕ್ಕರೆ ಸೇರಿಸಿ ಕಾರ್ಕ್ ಹಾಕುತ್ತಾರೆ. ಬ್ರೂತ್ ಎಂದು ಬರೆದಿದ್ದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಬ್ರೂತ್ ಆದರೆ 6ರೊಳಗೆ.

ವಿಜಯಪುರದ ಬಳ್ಳಿ:

ಮಾರ್ನ್ ದಡ ಅಣ್ಣಾವ್ರೇ, ಹುಳಿ ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನಮ್ಮದು ವಿಜಯಪುರ ಕಡೆ, ದ್ರಾಕ್ಷಿಯೇ ಕಸುಬು. ಹೆಚ್ಚಿನದು ಒಣದ್ರಾಕ್ಷಿಗೆ ಹೋಗುತ್ತದೆ. ವೈನಿಗೂ ಸ್ವಲ್ಪ ಬೆಳೆದಿದ್ದೇವೆ. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು: ಏಪ್ರಿಲ್ ಚಾಟ್ನಿ ಕಡ್ಡಿ ಮಾಡಿಕೊಳ್ಳಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಬಳ್ಳಿಗೆ ಚಳಿಗಾಲದ ನಿದ್ದೆ ಎನ್ನುವುದೇ ಇಲ್ಲ. ಹಣ್ಣು ಮಾಗುವಾಗ ಫೆಬ್ರುವರಿ-ಮಾರ್ಚ್ ಬಿಸಿಲು ಏರುತ್ತಿರುತ್ತದೆ. ಸಕ್ಕರೆ ಓಡಿ ಬರುತ್ತದೆ, ಹುಳಿ ಅಷ್ಟೇ ಬೇಗ ಇಳಿದುಬಿಡುತ್ತದೆ. ನೀವು ಹೇಳುವ ಜಾಗ ರೀಮ್ಸ್ ಪಕ್ಕ, 49 ಡಿಗ್ರಿ ಉತ್ತರ ಅಕ್ಷಾಂಶ. ನಾವು ಸುಮಾರು 17. ಅಲ್ಲಿ ಹಣ್ಣು ಕಷ್ಟಪಟ್ಟು ಮಾಗುತ್ತದೆ, ಅದಕ್ಕೇ ಹುಳಿ ಉಳಿಯುತ್ತದೆ. ನಾಸಿಕ್ ಕಡೆ ಗುಳ್ಳೆ ವೈನ್ ಮಾಡುವವರು ಶೆನಿನ್ ಬ್ಲಾಂ ಹಿಡಿದಿದ್ದು ಸುಮ್ನೆ ಅಲ್ಲ, ಬಿಸಿಲಲ್ಲೂ ಹುಳಿ ಕಾಪಾಡಿಕೊಳ್ಳುವ ಜಾತಿ ಅದು. ಶಾರ್ಡೊನೆಗೆ ನಮ್ಮ ಬಿಸಿಲು ಕಷ್ಟ.

ನನ್ನ ಪ್ರಶ್ನೆ ಇಷ್ಟು. ಬಿಸಿಲು ನಿಮ್ಮಲ್ಲೂ ಏರುತ್ತಿದೆ ಅಂತಾರೆ. ಹುಳಿ ಹೋದರೆ ಈ ಹತ್ತು-ಇಪ್ಪತ್ತು ವರ್ಷ ಇಡುವ ಬ್ಲಾಂ ದ ಬ್ಲಾಂ ಮುಂದೆ ಇರುತ್ತದೆಯೇ?

ಮಾರ್ನ್ ದಡ:

ಬಳ್ಳಿ ಅವರೇ, ಇಲ್ಲಿ ಬೆಳೆಗಾರರು ಊಟಕ್ಕೆ ಕೂತಾಗ ಮಾತಾಡುವುದೂ ಇದನ್ನೇ. ಹಿಂದೆ ಕೊಯ್ಲು ಎಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. 2003ರಲ್ಲಿ ಬಿಸಿಗಾಳಿ ಬಂದು ಆಗಸ್ಟಿನಲ್ಲೇ ಕೊಯ್ದರು, ಎಲ್ಲರೂ ಬೆಚ್ಚಿದ್ದರು. ಆಮೇಲೆ 2007, 2011, 2018, 2020, 2022, ಎಲ್ಲದರಲ್ಲೂ ಆಗಸ್ಟಿನಲ್ಲಿ ಶುರು. ಬೇಗ ಚಿಗುರಿದರೆ ಇನ್ನೊಂದು ಅಪಾಯ, ವಸಂತದ ಹಿಮ. ಶಾರ್ಡೊನೆ ಬೇಗ ಕಣ್ಣು ಬಿಡುವ ಜಾತಿ. 2003ರ ಏಪ್ರಿಲ್ ಹಿಮದಲ್ಲಿ ಹೆಚ್ಚು ಪೆಟ್ಟು ತಿಂದಿದ್ದು ಅದೇ.

ಹಾಗೆಂದು ಮುಗಿಯಿತು ಎನ್ನುವ ಸ್ಥಿತಿ ಇಲ್ಲ. 2008ರಲ್ಲಿ ಬೇಸಿಗೆ ತಂಪು, ಮೋಡ. ಸೆಪ್ಟೆಂಬರಿನಲ್ಲಿ ಬಿಸಿಲು ಬಂದು ಹಣ್ಣು ಮಾಗಿತು, ಹುಳಿಯೂ ಉಳಿಯಿತು. ಆ ವರ್ಷದ ಸಲೋಂ ಬರೀ ಮ್ಯಾಗ್ನಂನಲ್ಲಿ, ಅಂದರೆ ಒಂದೂವರೆ ಲೀಟರ್ ಬಾಟಲಿಯಲ್ಲಿ ಮಾತ್ರ ಹೊರಬಂತು. 2013ರಲ್ಲಿ ಕೊಯ್ಲು ಮತ್ತೆ ಅಕ್ಟೋಬರ್‌ವರೆಗೆ ಹೋಯಿತು, ಶಾರ್ಡೊನೆಗೆ ಚೆನ್ನಾಗಿತ್ತು. ಜನ ದಾರಿಯನ್ನೂ ಹುಡುಕುತ್ತಿದ್ದಾರೆ. ಕೊನೆಯಲ್ಲಿ ಹಾಕುವ ಸಕ್ಕರೆ ಕಡಿಮೆ ಮಾಡಿದ್ದಾರೆ, ಹಣ್ಣೇ ಮಾಗಿರುವುದರಿಂದ ಅಷ್ಟು ಬೇಕಾಗುವುದಿಲ್ಲ. ರುಯಿನಾರ್ ಅವರು 2010ರ ದೋಂ ರುಯಿನಾರ್‌ನಿಂದ ನೆಲಮಾಳಿಗೆಯ ಕಾಲಕ್ಕೂ ಲೋಹದ ಮುಚ್ಚಳ ಬಿಟ್ಟು ಮತ್ತೆ ಕಾರ್ಕ್ ಹಾಕಿದ್ದಾರೆ.

ಆದರೂ ಚಿಂತೆ ನನಗಿದೆ. ಬೆರೆಸುವ ವೈನಿಗೆ ಹಳೆಯ ವರ್ಷಗಳ ಹುಳಿ ಸೇರಿಸಬಹುದು. ಒಂದೇ ದ್ರಾಕ್ಷಿ, ಒಂದೇ ವರ್ಷ ಎಂದವರಿಗೆ ಆ ವರ್ಷ ಏನು ಕೊಟ್ಟಿತೋ ಅಷ್ಟೇ. 2008 ಥರದ ವರ್ಷಗಳು ಇನ್ನೆಷ್ಟು ಸಲ ಬರುತ್ತವೆ ಎಂದು ಧೈರ್ಯವಾಗಿ ಹೇಳುವ ಬೆಳೆಗಾರರನ್ನು ನಾನು ನೋಡಿಲ್ಲ. ನೆಲಮಾಳಿಗೆಯಲ್ಲಿರುವ ಹಳೆಯ ವರ್ಷಗಳನ್ನು ಅಷ್ಟು ಜೋಪಾನ ಮಾಡುವುದು ಅದಕ್ಕೇ.

ವಿಜಯಪುರದ ಬಳ್ಳಿ:

ತಿಳಿಯಿತು. ಹವಾಮಾನದ ವಿಷಯದಲ್ಲಿ ನಿಮ್ಮ ಬೆಳೆಗಾರರ ಮಾತು ನಮ್ಮವರ ಮಾತಿನ ಹಾಗೇ ಇದೆ. ನಮ್ಮಲ್ಲಿ ಅಕಾಲ ಮಳೆ, ನಿಮ್ಮಲ್ಲಿ ಅಕಾಲ ಹಿಮ.

ಹಳೇ ಬಾಟಲಿ:

ಜಯನಗರದವರೇ, ನಾನು ಲಂಡನ್ನಿನಲ್ಲಿದ್ದೇನೆ, ಹಳೆಯ ಶಾಂಪೇನ್ ಕೂಡಿಡುವ ಹುಚ್ಚು ಬಹಳ ವರ್ಷದ್ದು. ಅಣ್ಣನಿಗೆ ನೇರವಾಗಿ ಹೀಗೆ ಹೇಳಿ.

ಸಲೋಂ, ಕ್ಲೋ ದ್ಯು ಮೆನಿಲ್ ಬೇಡ. ಕೆಟ್ಟದ್ದೆಂದಲ್ಲ, ಬೆಲೆ ಈಗ ಕೈಗೆ ಸಿಗದ ಕಡೆ ಹೋಗಿದೆ. ಆ ದುಡ್ಡಿನ ದೊಡ್ಡ ಪಾಲು ಹೋಗುವುದು ಸಿಗದಿರುವಿಕೆಗೆ. ಕೋಂತ್ ದ ಶಾಂಪಾನ್ ಅಥವಾ ದೋಂ ರುಯಿನಾರ್ ಕೇಳಲಿ. ಇವೂ ದುಬಾರಿಯೇ, ಆದರೆ ಕೊಟ್ಟ ದುಡ್ಡು ಬಾಯಿಗೆ ಗೊತ್ತಾಗುತ್ತದೆ. ಅದಕ್ಕೂ ಕಡಿಮೆ ಬೇಕೆಂದರೆ ದೆಲಾಮೋತ್ ವಿಂಟೇಜ್. ಅದು ಸಲೋಂನ ಅಕ್ಕಪಕ್ಕದ ಮನೆ, ಇಬ್ಬರ ಒಡೆತನವೂ ಒಂದೇ. ಸಲೋಂ ಮಾಡದ ವರ್ಷ ಆ ದ್ರಾಕ್ಷಿ ಹೋಗುವುದು ದೆಲಾಮೋತ್‌ಗೆ.

ನನ್ನ ಮನಸ್ಸು ಮಾತ್ರ ಸಣ್ಣ ಬೆಳೆಗಾರರ ಕಡೆ. ಲೇಬಲ್ಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಆರ್‌ಎಂ ಎಂದಿದ್ದರೆ ತಮ್ಮ ತೋಟದ ದ್ರಾಕ್ಷಿಯಲ್ಲಿ ತಾವೇ ಮಾಡಿದವರು ಎಂದರ್ಥ. ಎನ್‌ಎಂ ಎಂದಿದ್ದರೆ ದ್ರಾಕ್ಷಿ ಕೊಂಡು ಮಾಡುವ ದೊಡ್ಡ ಮನೆಗಳು. ಅವೀಜ್, ಕ್ರಾಮಾಂ, ಲ ಮೆನಿಲ್ ಊರುಗಳಲ್ಲಿ ಆರ್‌ಎಂ ಮನೆಗಳು ಬಹಳ. ಪ್ಯಾರಿಸ್ಸಿನ ಒಳ್ಳೆಯ ವೈನ್ ಅಂಗಡಿಯವರು ಹತ್ತು ವರ್ಷ ದಾಟಿದ್ದನ್ನು ಹುಡುಕಿ ಕೊಡುತ್ತಾರೆ.

ವರ್ಷ: 2012 ಕೇಳಲಿ. ಬೆಳೆ ಕಡಿಮೆ ಬಂದ ವರ್ಷ, ಹಣ್ಣು ಚೆನ್ನಾಗಿತ್ತು, ಈಗ ಕುಡಿಯಲು ಹಿತ. 2008 ದೊಡ್ಡ ವರ್ಷ, ಆದರೆ ಮೇಲಿನ ಮನೆಗಳದ್ದು ಇನ್ನೂ ಮುಷ್ಟಿ ಬಿಗಿದುಕೊಂಡೇ ಇದೆ. 2002 ಸಿಕ್ಕಿ, ಚೆನ್ನಾಗಿ ಇಟ್ಟಿದ್ದರೆ ಬಿಡಬೇಡಿ. ಹಿಂದಿನ ಚೀಟಿಯಲ್ಲಿ ಗಸಿ ತೆಗೆದ ತಿಂಗಳು, ವರ್ಷ ಇದೆಯೇ ನೋಡಲಿ. ಬೆಳೆಗಾರರಲ್ಲಿ ಬಹಳ ಜನ ಹಾಕುತ್ತಾರೆ. ಕ್ರುಗ್ ಬಾಟಲಿಯಲ್ಲಿ ಐಡಿ ನಂಬರ್ ಇರುತ್ತದೆ, ಅದರಿಂದ ತಿಳಿಯಬಹುದು. ಗಸಿ ತೆಗೆದು ಒಂದೆರಡು ವರ್ಷವಾದರೂ ಆಗಿದ್ದರೆ ಒಳಗಿನದು ಹೊಂದಿಕೊಂಡಿರುತ್ತದೆ.

ಒಂದು ಸಲ ನಾನೊಂದು ಅಂಗಡಿಯಿಂದ ತಂದ ಹಳೆಯ ಬ್ಲಾಂ ದ ಬ್ಲಾಂ ಬೇಯಿಸಿದ ಎಲೆಕೋಸಿನ ವಾಸನೆ ಹೊಡೆಯಿತು. ಟ್ಯೂಬ್‌ಲೈಟ್ ಕೆಳಗೆ ಶೋಕೇಸಿನಲ್ಲಿ ಇಟ್ಟಿದ್ದರಂತೆ. ಬೆಳಕು ಬಿದ್ದರೆ ವೈನ್ ಹಾಗೆ ಕೆಡುತ್ತದೆ, ಪಾರದರ್ಶಕ ಬಾಟಲಿಯಾದರೆ ಇನ್ನೂ ಬೇಗ. ಶೋಕೇಸಿನದು ಬೇಡ, ಒಳಗಿನಿಂದ ತಂದುಕೊಡಿ ಎಂದು ಕೇಳಲು ಅಣ್ಣ ಸಂಕೋಚ ಪಡಬಾರದು.

ಜಯನಗರದವಳು:

ಎಷ್ಟೊಂದು ಹೇಳಿದಿರಿ, ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಎಲ್ಲ ಕಳಿಸಿದೆ. ಅವನು ಬರುವುದಕ್ಕೂ ಆ ದಿನಕ್ಕೂ ನಡುವೆ ಮೂರು ವಾರ ಇದೆ. ನಮ್ಮ ಮನೆಯಲ್ಲಿ ವೈನ್ ಫ್ರಿಜ್ ಇಲ್ಲ. ಸಾಮಾನ್ಯ ಫ್ರಿಜ್ಜಿನಲ್ಲೇ ಇಡಲೇ? ಗ್ಲಾಸು ಉದ್ದನೆಯ ಫ್ಲೂಟ್ ಇದೆ.

ಹೋಟೆಲ್ ಕೆಲಸದವ:

ಮೇಡಂ, ಇದು ನನ್ನ ದಿನನಿತ್ಯದ ಕೆಲಸ, ಹೇಳುತ್ತೇನೆ. ಬಂದ ತಕ್ಷಣ ತೆಗೆಯಬೇಡಿ. ವಿಮಾನದಲ್ಲಿ ಕುಲುಕಿರುತ್ತದೆ, ಒಂದು ವಾರವಾದರೂ ಸುಮ್ಮನೆ ಬಿಡಿ. ಮೂರು ವಾರಕ್ಕೆ ಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆ ಸಾಕು. ಬಾಗಿಲಿನ ಕಡೆ ಬೇಡ, ತೆಗೆದು ಹಾಕಿ ಅಲುಗಾಡುತ್ತದೆ. ಪೇಪರ್ ಸುತ್ತಿಡಿ. ವರ್ಷಗಟ್ಟಲೆ ಇಡುವುದಾದರೆ ಮಾತ್ರ ಬೇರೆ ವ್ಯವಸ್ಥೆ ಬೇಕು. ಅಲ್ಲಿನ ನೆಲಮಾಳಿಗೆ ವರ್ಷವಿಡೀ 10-12 ಡಿಗ್ರಿ ಇರುತ್ತದೆ, ನಮ್ಮ ಏಪ್ರಿಲ್ ಎಲ್ಲಿ, ಅದೆಲ್ಲಿ!

ಕುಡಿಯುವ ಮುಂಚೆ ಇಪ್ಪತ್ತು ನಿಮಿಷ ಹೊರಗಿಡಿ. ವಿಂಟೇಜ್ ಬ್ಲಾಂ ದ ಬ್ಲಾಂ 10ರಿಂದ 12 ಡಿಗ್ರಿಯಲ್ಲಿ ಚೆನ್ನ. ಐಸಿನಲ್ಲಿ ಮುಳುಗಿಸಿ ಕೊಟ್ಟರೆ ಇಷ್ಟು ವರ್ಷ ಕಾದು ಬಂದ ಘಮವೆಲ್ಲ ಮುಚ್ಚಿಹೋಗುತ್ತದೆ, ಬರೀ ಹುಳಿ, ಗುಳ್ಳೆ ಉಳಿಯುತ್ತದೆ. ಫ್ಲೂಟ್ ಬದಿಗಿಡಿ, ಬಿಳಿ ವೈನಿನ ಗ್ಲಾಸು ತನ್ನಿ. ಮೂಗು ಒಳಗೆ ಹೋಗಬೇಕು. ಅರ್ಧಕ್ಕಿಂತ ಕಡಿಮೆ ತುಂಬಿ. ಸೋಪಿನ ಅಂಟು ಇದ್ದರೆ ನೊರೆ ನಿಲ್ಲುವುದಿಲ್ಲ, ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಆರಿಸಿ.

ತೆಗೆಯುವಾಗ ತಂತಿ ಸಡಿಲ ಮಾಡಿದ ಕ್ಷಣದಿಂದ ಹೆಬ್ಬೆರಳು ಕಾರ್ಕಿನ ಮೇಲೇ ಇರಲಿ. ಒಂದು ಕೈಯಲ್ಲಿ ಕಾರ್ಕ್ ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ಬಾಟಲಿಯ ಬುಡ ತಿರುಗಿಸಿ. ಬಾಟಲಿ ಓರೆಯಾಗಿರಲಿ, ಯಾರ ಮುಖದ ಕಡೆಗೂ ಬೇಡ. ಹುಸ್ ಎಂದು ಮೆತ್ತಗೆ ಸದ್ದು ಬಂದರೆ ಸರಿಯಾಗಿ ತೆಗೆದಿರಿ.

ಕುಂದಾಪುರದ ಅಡುಗೆಮನೆ:

ಊಟದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಈ ಥರದ ವೈನಿಗೆ ಉಪ್ಪು, ಬೆಣ್ಣೆ, ಗರಿಗರಿ ಮೂರೂ ಒಪ್ಪುತ್ತವೆ. ಫ್ರಾನ್ಸಿನಲ್ಲಿ ಹಸಿ ಆಯ್ಸ್ಟರ್ (ನಮ್ಮ ಮರುವಾಯಿಯಂಥ ಚಿಪ್ಪುಜೀವಿ), ಕೋಂತೆ ಚೀಸ್ ಇಡುತ್ತಾರೆ. ಅಮ್ಮನಿಗೆ ಬೆಣ್ಣೆ ಮುರುಕು, ತುಪ್ಪದಲ್ಲಿ ಹುರಿದು ಉಪ್ಪು ಉದುರಿಸಿದ ಗೋಡಂಬಿ, ಖಾರ ಹಾಕದ ಅಣಬೆ ಪಲ್ಯ ಮಾಡಿ. ಹಳೆಯ ಬ್ಲಾಂ ದ ಬ್ಲಾಂಗೆ ಅಣಬೆ ಬಹಳ ಒಳ್ಳೆಯ ಜೋಡಿ. ಮೀನು ತಿನ್ನುವವರಿಗೆ ಕಾಣೆ ರವಾ ಫ್ರೈ, ಮೆಣಸಿನಪುಡಿ ಕೈ ಬಿಗಿಹಿಡಿದು. ಖಾರಕ್ಕೆ ಗುಳ್ಳೆ ಸೇರಿದರೆ ನಾಲಿಗೆ ಉರಿಯುತ್ತದೆ. ಮೈಸೂರುಪಾಕ್ ಮಾತ್ರ ವೈನ್ ಮುಗಿದ ಮೇಲೆ. ಸಿಹಿ ತಿಂದು ಕುಡಿದರೆ ವೈನ್ ಹುಳಿ ಹುಳಿ ಅನ್ನಿಸುತ್ತದೆ.

ಮೂರು ದ್ರಾಕ್ಷಿ ಪಕ್ಷ:

ಹತ್ತು ವರ್ಷ ದಾಟಿದ್ದು, ಬಿಳಿ ವೈನಿನ ಗ್ಲಾಸು, 12 ಡಿಗ್ರಿ. ಈ ಮೂರೂ ಇದ್ದರೆ ನನ್ನ ಆಕ್ಷೇಪ ಇಲ್ಲ. ಎಳೆಯದು ತಂದರೆ ಮಾತ್ರ ನನ್ನ ಮಾತು ನೆನಪಿರಲಿ. ನನ್ನ ಕಡೆಯಿಂದಲೂ ಅಪ್ಪ-ಅಮ್ಮನಿಗೆ ಶುಭಾಶಯ.

ಜಯನಗರದವಳು:

ಅಣ್ಣನ ಜೊತೆ ಮಾತಾಡಿದೆ. ಒಬ್ಬರು 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು, ಹಾಗಾಗಿ 750 ಎಂಎಲ್‌ನ ಎರಡು ಬಾಟಲಿ. ಒಂದು 2012ರ ಕೋಂತ್ ದ ಶಾಂಪಾನ್, ಇನ್ನೊಂದು ಅವೀಜ್ ಅಥವಾ ಲ ಮೆನಿಲ್‌ನ ಆರ್‌ಎಂ ಬೆಳೆಗಾರರ ವಿಂಟೇಜ್. ಎರಡನ್ನೂ ಅವತ್ತೇ ಪಕ್ಕಪಕ್ಕ ತೆಗೆಯುತ್ತೇವೆ. ಹಲವು ಊರು ಸೇರಿದ್ದು, ಒಂದೇ ಊರಿನದು, ಎರಡೂ ಗೊತ್ತಾಗಲಿ. ಯಾವುದು ಮೊದಲು?

ಮಾರ್ನ್ ದಡ:

ಬೆಳೆಗಾರರದ್ದು ಮೊದಲು, ಕೋಂತ್ ಆಮೇಲೆ. ಕೋಂತ್ ಮುಗಿಸುವ ಅವಸರ ಬೇಡ. ಗ್ಲಾಸಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿ, ಗುಳ್ಳೆ ಕಮ್ಮಿಯಾದ ಮೇಲೆ ಒಳಗಿನ ವೈನ್ ಇನ್ನೂ ಚೆನ್ನಾಗಿ ಸಿಗುತ್ತದೆ. ಬೆಳೆಗಾರರ ಬಾಟಲಿಯ ಹಿಂದಿನ ಚೀಟಿಯ ಫೋಟೋ ಹಾಕಿ. ಯಾವ ತೋಟದ್ದು, ಗಸಿ ಯಾವಾಗ ತೆಗೆದಿದ್ದು, ಸಕ್ಕರೆ ಎಷ್ಟು ಎಂದು ಓದಿ ಹೇಳುತ್ತೇನೆ.